ಮಾರಾಟದ ಮನೆಯ ಬೆಳಕು

ಮನೆ ಕಟ್ಟುವುದರ ಕಷ್ಟವನ್ನು ನಮ್ಮ ಹಿರಿಯರು ಗಾದೆ ಮಾಡಿ ಇಟ್ಟಿದ್ದಾರೆ. ಮದುವೆಯ ಪಕ್ಕದಲ್ಲಿಟ್ಟು ಅದನ್ನು ತೂಗಿದ್ದಾರೆ. ಮನೆ ಮಾರುವುದರ ಕಷ್ಟಕ್ಕೆ ಮಾತ್ರ ಅವರು ಗಾದೆ ಮಾಡಿದಂತೆ ಕಾಣೆ. ಹುಟ್ಟಿ ಬೆಳೆದ ಮನೆಯನ್ನು ಮಾರುವುದು ಅವರ ಕಾಲದಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುವ ಸಂಗತಿಯಾಗಿರಲಿಲ್ಲವೇನೋ. ನನಗೂ ನನ್ನ ತಮ್ಮನಿಗೂ ಆ ಕಷ್ಟ ಒದಗಿತು. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ತಂದೆಯವರು ೧೯೬೦ರ ದಶಕದಲ್ಲಿ ಕಟ್ಟಿಸಿದ ಮನೆಯನ್ನು ಮಾರಬೇಕಾಯಿತು. ಆಗ ನನ್ನ ಮನಸ್ಸಿಗೆ ಬಂದ ಒಂದು ಸಣ್ಣ ಪ್ರಶ್ನೆ ಮನೆ ಕೈಬಿಟ್ಟು ಹೋದಮೇಲೂ ನನ್ನನ್ನು ಬಿಟ್ಟಿಲ್ಲ. ಅದನ್ನು ಓದುಗರ ಮುಂದಿಡುತ್ತೇನೆ.

ದಲ್ಲಾಳಿಯವರು ಮೊದಲನೆಯ ದಿನವೇ ಹೇಳಿದರು: "ಈಗ ಯಾರೂ ಮೊದಲು ಮನೆ ನೋಡೋದಿಲ್ಲ ಸಾರ್. ಮೊದಲು ಫೋನಿನಲ್ಲಿ ಚಿತ್ರ ನೋಡ್ತಾರೆ. ಚಿತ್ರ ಒಪ್ಪಿದರೆ ಆಮೇಲೆ ಮನೆ." ಹೆಣ್ಣು ನೋಡುವ ಕ್ರಮವೂ ಒಂದು ಕಾಲದಲ್ಲಿ ಹೀಗೆಯೇ ಇತ್ತು. ಸ್ಟುಡಿಯೋದಲ್ಲಿ ಹೂಕುಂಡದ ಪಕ್ಕ ನಿಲ್ಲಿಸಿ ತೆಗೆಸಿದ ಪಟ ಮುಂದೆ ಹೋಗುತ್ತಿತ್ತು, ಜಾತಕ ಹಿಂದೆ ಹೋಗುತ್ತಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹೇಳಿದ ಜನ, ಒಂದು ಮನೆ ಮಾರುವುದಕ್ಕೆ ಎಷ್ಟು ಸುಳ್ಳು ಹೇಳಬಹುದೆಂದು ಲೆಕ್ಕ ಕೊಟ್ಟಿಲ್ಲ. ಸರಿ, ಚಿತ್ರ ತೆಗೆಯುವ ಹುಡುಗ ಬಂದ. ಒಂದು ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಅಂಗೈಯಗಲದ ಎರಡು ಫ್ಲ್ಯಾಷ್ ದೀಪಗಳು: ಇಷ್ಟೇ ಅವನ ಸಾಮಗ್ರಿ.

ಮೊದಲು ಹಜಾರದಲ್ಲಿ ಕೆಲಸ ಆರಂಭವಾಯಿತು. ಬೆಳಿಗ್ಗೆ ಹತ್ತು ಗಂಟೆ. ಕಿಟಕಿಯ ಹೊರಗೆ ಸಂಪಿಗೆ ಮರ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಇಷ್ಟು ಬೆಳಕಿರುವಾಗ ಫ್ಲ್ಯಾಷ್ ಏಕೆ ಎಂದು ನಾನು ಕೇಳಿದೆ. ಹುಡುಗ ನಕ್ಕು, ಫ್ಲ್ಯಾಷ್ ಇಲ್ಲದೆ ಎರಡು ಚಿತ್ರ ತೆಗೆದು ತೋರಿಸಿದ. ಒಂದರಲ್ಲಿ ಸಂಪಿಗೆ ಮರ ಎಲೆಎಲೆಯಾಗಿ ಕಾಣುತ್ತಿತ್ತು, ಆದರೆ ಹಜಾರ ಮಸಿ ಬಳಿದಂತಿತ್ತು. ಇನ್ನೊಂದರಲ್ಲಿ ಹಜಾರ ಚೆನ್ನಾಗಿತ್ತು, ಆದರೆ ಕಿಟಕಿ ಬಿಳಿಯ ಕಾಗದ ಅಂಟಿಸಿದಂತೆ ಬೆಳ್ಳಗಾಗಿ ಮರ ಮಾಯವಾಗಿತ್ತು. "ಕಣ್ಣಿಗೆ ಕಾಣೋ ಹಾಗೆ ಕ್ಯಾಮೆರಾಗೆ ಕಾಣೋದಿಲ್ಲ ಸಾರ್," ಎಂದ.

ಆ ಮಾತು ನಿಜ. ನಾವು ಕಿಟಕಿಯತ್ತ ನೋಡಿದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ. ಮೂಲೆಯತ್ತ ತಿರುಗಿದಾಗ ಹಿಗ್ಗುತ್ತದೆ. ಈ ಎರಡು ನೋಟಗಳನ್ನೂ ಮನಸ್ಸು ಹೊಲಿದು ಒಂದು ಕೋಣೆಯನ್ನಾಗಿ ಮಾಡಿಕೊಡುತ್ತದೆ. ಕ್ಯಾಮೆರಾಕ್ಕೆ ಆ ಮನಸ್ಸಿಲ್ಲ. ಅದು ಒಂದು ಅಳತೆಯ ಬೆಳಕನ್ನು ಹಿಡಿದರೆ ಮಿಕ್ಕದ್ದನ್ನು ಕೈಬಿಡುತ್ತದೆ. ಆದ್ದರಿಂದ ಒಳಗಿನ ಬೆಳಕನ್ನು ಹೊರಗಿನ ಬೆಳಕಿನ ಹತ್ತಿರಕ್ಕೆ ಏರಿಸಬೇಕು. ಅದಕ್ಕೆ ಫ್ಲ್ಯಾಷ್. ಅದನ್ನು ನೇರವಾಗಿ ಗೋಡೆಯ ಕಡೆಗೆ ಹೊಡೆಯುವ ಹಾಗೂ ಇಲ್ಲ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಹತ್ತಿರದ ಕುರ್ಚಿ ಸುಣ್ಣ ಬಳಿದಂತಾಗುತ್ತದೆ, ದೂರದ ಗೋಡೆ ಕಪ್ಪಾಗಿಯೇ ಉಳಿಯುತ್ತದೆ, ನಡುವೆ ಕುರ್ಚಿಯ ಕಾಲುಗಳ ನೆರಳು ಚೂರಿಯಂತೆ ಬಿದ್ದಿರುತ್ತದೆ. ಹುಡುಗ ದೀಪದ ಮುಖವನ್ನು ಸೂರಿಗೆ ತಿರುಗಿಸಿದ. ಆಗ ಸೂರೇ ಒಂದು ದೊಡ್ಡ ದೀಪವಾಗಿ ಬೆಳಕು ಮೆತ್ತಗೆ, ಸಮನಾಗಿ ಇಳಿಯಿತು. ಒಂದು ಚಿತ್ರ ಕೋಣೆಯ ಸ್ವಂತ ಬೆಳಕಿಗೆ, ಒಂದು ಫ್ಲ್ಯಾಷಿಗೆ, ಒಂದು ಕಿಟಕಿಯ ಹೊರನೋಟಕ್ಕೆ; ಈ ಮೂರನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದಿಟ್ಟು ಬೆರೆಸುತ್ತಾನಂತೆ. ಬಲ್ಬಿನ ಹಳದಿ ಬಣ್ಣ, ಹಗಲಿನ ನೀಲಿ ಬಣ್ಣ ಇವೆರಡೂ ಒಂದೇ ಗೋಡೆಯ ಮೇಲೆ ಜಗಳವಾಡದಂತೆಯೂ ಫ್ಲ್ಯಾಷ್ ನೋಡಿಕೊಳ್ಳುತ್ತದೆ, ಏಕೆಂದರೆ ಅದರ ಬಣ್ಣ ಹಗಲಿನದಕ್ಕೆ ಸಮೀಪ. ಕೊನೆಗೆ ಬಂದ ಚಿತ್ರ, ನಾನು ಐವತ್ತು ವರ್ಷ ನೋಡಿದ ಹಜಾರದಂತೆಯೇ ಇತ್ತು. ಕ್ಯಾಮೆರಾದ ಸುಳ್ಳನ್ನು ಫ್ಲ್ಯಾಷ್ ತಿದ್ದಿತ್ತು.

ಆಮೇಲೆ ಹಿಂದಿನ ಕೋಣೆಗೆ ಬಂದೆವು. ಅದಕ್ಕೆ ಪೂರ್ವದ ಕಡೆ ಒಂದು ಕಿಟಕಿ ಉಂಟು. ನಾನು ಹುಡುಗನಾಗಿದ್ದಾಗ ಬೆಳಗಿನ ಬಿಸಿಲು ಆ ಕಿಟಕಿಯಿಂದ ಚಾಪೆಯ ಮೇಲೆ ಬೀಳುತ್ತಿತ್ತು. ಮುಂದೆ ಪಕ್ಕದ ನಿವೇಶನದಲ್ಲಿ ಮೂರು ಅಂತಸ್ತಿನ ಮನೆ ಎದ್ದಿತು. ಎರಡು ಗೋಡೆಗಳ ನಡುವೆ ಉಳಿದದ್ದು ಒಂದು ತೋಳಿನಷ್ಟು ಸಂದಿ. ಅಂದಿನಿಂದ ಆ ಕೋಣೆಗೆ ಹಗಲಿನಲ್ಲಿಯೂ ದೀಪ ಬೇಕು. ಹುಡುಗ ಒಂದು ಕ್ಷಣ ಯೋಚಿಸಿದ. ಒಂದು ಫ್ಲ್ಯಾಷನ್ನು ಒಳಗೆ ಸೂರಿಗೆ ತಿರುಗಿಸಿ ನಿಲ್ಲಿಸಿದ. ಇನ್ನೊಂದನ್ನು ಹೊರಗಿನ ಸಂದಿಯಲ್ಲಿ ಕಿಟಕಿಗೆ ಎದುರಾಗಿ ಕಟ್ಟಿದ. ಕಿಟಕಿಗೆ ತೆಳುವಾದ ಬಿಳಿಯ ಪರದೆ ಎಳೆದ. ಗುಂಡಿ ಒತ್ತಿದಾಗ ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಎಲ್ಲ ಮುಗಿದಿತ್ತು. ಚಿತ್ರದಲ್ಲಿ ನೋಡಿದರೆ, ಪರದೆಯ ಹಿಂದೆ ಸೂರ್ಯೋದಯವಾಗಿದೆ. ನೆಲದ ಮೇಲೆ ಎಳೆಬಿಸಿಲು ಹರಡಿದೆ. ಗೋಡೆಯ ಸುಣ್ಣ ಹಾಲಿನಂತಿದೆ. ದಲ್ಲಾಳಿಯವರಿಗೆ ಸಂತೋಷವೋ ಸಂತೋಷ. "ಈ ರೂಮೇ ಮನೆ ಮಾರಿಕೊಡುತ್ತೆ ಸಾರ್," ಎಂದರು.

ಅದೇ ದೀಪ, ಅದೇ ಕೈ, ಅದೇ ಕೌಶಲ. ಹಜಾರದಲ್ಲಿ ನಿಜ ಹೇಳಿದ್ದು ಹಿಂದಿನ ಕೋಣೆಯಲ್ಲಿ ಸುಳ್ಳು ಹೇಳಿತೆ? ಹೇಳಿದ್ದಾದರೆ, ಆ ಸುಳ್ಳು ಯಾರದು?

ರಾತ್ರಿ ತಮ್ಮನಿಗೆ ಫೋನು ಮಾಡಿ ಈ ಸಂಶಯವನ್ನು ಹೇಳಿದೆ. ಅವನು ವ್ಯವಹಾರ ಬಲ್ಲವನು. "ಏನಣ್ಣ, ಬರುವವರು ಕಣ್ಣು ಕಟ್ಟಿಕೊಂಡು ಬರುತ್ತಾರೆಯೆ? ಬಂದು ನೋಡುತ್ತಾರೆ, ಬೇಕಾದರೆ ಕೊಳ್ಳುತ್ತಾರೆ. ನಾವೇನು ಬಲವಂತ ಮಾಡಿದೆವೆ?" ಎಂದ. ಅವನಿಗೆ ಗೊತ್ತಿಲ್ಲದೆಯೇ ಅವನು ಎರಡು ಸಾವಿರ ವರ್ಷಕ್ಕೂ ಹಳೆಯದಾದ ವಾದವನ್ನು ಹೂಡಿದ್ದ. ರೋಮಿನ ಸಿಸೆರೋ ಕ್ರಿಸ್ತಪೂರ್ವ ೪೪ರಲ್ಲಿ ತನ್ನ ಮಗನಿಗಾಗಿ ಕರ್ತವ್ಯಗಳನ್ನು ಕುರಿತು ಒಂದು ಗ್ರಂಥ ಬರೆದ. ಅದರ ಮೂರನೆಯ ಭಾಗದಲ್ಲಿ ಮನೆ ಮಾರುವವನ ಪ್ರಶ್ನೆ ಬರುತ್ತದೆ. ಒಬ್ಬನ ಮನೆ ರೋಗಕಾರಕ, ಕೋಣೆಗಳಲ್ಲಿ ಹಾವು ಕಾಣಿಸಿಕೊಳ್ಳುತ್ತವೆ, ಮರಮುಟ್ಟು ಶಿಥಿಲ. ಇದು ಒಡೆಯನಿಗಲ್ಲದೆ ಬೇರೆ ಯಾರಿಗೂ ತಿಳಿಯದು. ಹೇಳದೆ ಮಾರಬಹುದೆ? ಸ್ಟೋಯಿಕ್ ಪಂಥದ ಇಬ್ಬರು ಪಂಡಿತರು ಇದರಲ್ಲಿ ಎದುರುಬದುರು ನಿಲ್ಲುತ್ತಾರೆ. ಬ್ಯಾಬಿಲೋನಿನ ಡಯೋಜಿನಿಸನ ಮಾತು ನನ್ನ ತಮ್ಮನದೇ: ಕೊಳ್ಳುವವನಿಗೆ ಅವನದೇ ವಿವೇಕವಿದೆ, ಯಾರೂ ಅವನನ್ನು ಒತ್ತಾಯಿಸಿಲ್ಲ. ಅವನ ಶಿಷ್ಯ ಆಂಟಿಪೇಟರ್ ಹೇಳುವುದು ಬೇರೆ: ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದೇ ಪಾಪವೆಂದಮೇಲೆ, ತಿಳಿದೂ ತಿಳಿದೂ ಒಬ್ಬನನ್ನು ತಪ್ಪಿನೊಳಕ್ಕೆ ನಡೆಯಗೊಡುವುದು ಇನ್ನೂ ಕೆಟ್ಟದ್ದಲ್ಲವೆ? ಸಿಸೆರೋ ಆಂಟಿಪೇಟರನ ಕಡೆ ನಿಲ್ಲುತ್ತಾನೆ. ಸುಮ್ಮನಿರುವುದೆಲ್ಲ ಮರೆಮಾಚುವುದಲ್ಲ, ಆದರೆ ಇನ್ನೊಬ್ಬನಿಗೆ ತಿಳಿದರೆ ಪ್ರಯೋಜನವಾಗುವ ಸಂಗತಿಯನ್ನು ನಮ್ಮ ಲಾಭಕ್ಕಾಗಿ ಅವನಿಗೆ ತಿಳಿಯದಂತೆ ಇಟ್ಟರೆ ಅದು ಮರೆಮಾಚುವುದೇ, ಎಂಬುದು ಅವನ ತೀರ್ಮಾನ.

ಅಲ್ಲಿಯೇ ಅವನು ಒಂದು ಕಥೆಯನ್ನೂ ಹೇಳುತ್ತಾನೆ. ಕ್ಯಾನಿಯಸ್ ಎಂಬ ರೋಮಿನ ಶ್ರೀಮಂತ ಸಿರಾಕ್ಯೂಸ್ ನಗರಕ್ಕೆ ವಿಶ್ರಾಂತಿಗಾಗಿ ಹೋಗಿದ್ದಾಗ, ಸ್ನೇಹಿತರನ್ನು ಕರೆದು ಹಾಯಾಗಿರಲು ಒಂದು ತೋಟ ಬೇಕೆಂದ. ಪೈಥಿಯಸ್ ಎಂಬ ಲೇವಾದೇವಿಗಾರ ಅವನನ್ನು ತನ್ನ ತೋಟಕ್ಕೆ ಊಟಕ್ಕೆ ಕರೆದ. ಬೆಸ್ತರನ್ನು ಕರೆಸಿ, ಮರುದಿನ ತನ್ನ ತೋಟದ ಮುಂದೆಯೇ ಮೀನು ಹಿಡಿಯಬೇಕೆಂದು ಕಟ್ಟುಮಾಡಿದ. ಊಟದ ಹೊತ್ತಿಗೆ ಕಣ್ಣೆದುರು ದೋಣಿಗಳ ಸಾಲು. ಬೆಸ್ತರು ಹಿಡಿದ ಮೀನನ್ನು ತಂದು ಪೈಥಿಯಸನ ಕಾಲ ಬಳಿ ಸುರಿದರು. ಊರಿನ ಮೀನೆಲ್ಲ ಇರುವುದು ಇಲ್ಲಿಯೇ ಎಂದ ಪೈಥಿಯಸ್. ಕ್ಯಾನಿಯಸ್ ಕೇಳಿದ ಬೆಲೆ ಕೊಟ್ಟು ತೋಟವನ್ನು ಕೊಂಡ. ಮರುದಿನ ಸ್ನೇಹಿತರನ್ನು ಕರೆದು ನೋಡುತ್ತಾನೆ, ಒಂದು ದೋಣಿಯೂ ಇಲ್ಲ. ಈ ದಿನ ಬೆಸ್ತರಿಗೆ ಏನಾದರೂ ಹಬ್ಬವೆ ಎಂದು ನೆರೆಯವನನ್ನು ಕೇಳಿದರೆ, ಇಲ್ಲಿ ಯಾರೂ ಎಂದೂ ಮೀನು ಹಿಡಿಯುವುದಿಲ್ಲ, ನಿನ್ನೆ ನೋಡಿ ನನಗೇ ಆಶ್ಚರ್ಯವಾಯಿತು ಎಂದನಂತೆ. ಪೈಥಿಯಸ್ ತೋಟವನ್ನು ಬಚ್ಚಿಡಲಿಲ್ಲ. ಕ್ಯಾನಿಯಸ್ ಅದನ್ನು ಕಣ್ಣಾರೆ ಕಂಡೇ ಕೊಂಡ. ಬಂದು ನೋಡಿಕೊಳ್ಳಲಿ ಎಂಬ ಸಮಾಧಾನ ಎಷ್ಟು ತೆಳುವಾದದ್ದೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ದೇಶದ ಹಳಬರೂ ಇದನ್ನು ಯೋಚಿಸದೆ ಬಿಟ್ಟವರಲ್ಲ. ದೂರದಲ್ಲಿರುವ ಸರಕನ್ನಾಗಲಿ ಮುಚ್ಚಿಟ್ಟ ಸರಕನ್ನಾಗಲಿ ಮಾರತಕ್ಕದ್ದಲ್ಲವೆಂದು ಮನುಸ್ಮೃತಿ ಹೇಳುತ್ತದೆ. ಮನೆಯ ಮಾರಾಟವನ್ನು ಆ ಮನೆಯ ಮುಂದೆಯೇ, ನೆರೆಹೊರೆಯ ಹಿರಿಯರ ಸಮಕ್ಷಮದಲ್ಲಿ, ಎಲ್ಲೆಕಟ್ಟುಗಳನ್ನು ಇದ್ದಂತೆ ಹೇಳಿ ಸಾರಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಹಿಂದಿನ ಕೋಣೆ ಕತ್ತಲೆಯೆಂದು ಬಲ್ಲ ನೆರೆಯವರು ಎದುರಿಗೇ ನಿಂತಿರುವಾಗ ಸೂರ್ಯೋದಯವನ್ನು ಮಾರುವುದು ಕಷ್ಟ. ಫೋನಿನ ಚಿತ್ರಕ್ಕೆ ಆ ನೆರೆಯವರಿಲ್ಲ.

ಈಗಿನ ಕಾನೂನು ಏನನ್ನುತ್ತದೆ? ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೫೫ನೆಯ ಪ್ರಕರಣದ ಪ್ರಕಾರ, ತನಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಆದರೆ ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಬಹುದಾದ ದೋಷಕ್ಕೆ ಈ ಕಟ್ಟು ಇಲ್ಲ. ಕತ್ತಲೆಯನ್ನು ಕಂಡುಕೊಳ್ಳಲು ವಿಶೇಷ ಎಚ್ಚರಿಕೆ ಏತಕ್ಕೆ? ೨೦೧೬ರ ರಿಯಲ್ ಎಸ್ಟೇಟ್ ಕಾಯಿದೆಯ ೧೨ನೆಯ ಪ್ರಕರಣ, ಜಾಹೀರಾತಿನ ಅಥವಾ ಮಾದರಿ ಮನೆಯ ಸುಳ್ಳನ್ನು ನಂಬಿ ಮುಂಗಡ ಕೊಟ್ಟು ನಷ್ಟಪಟ್ಟವರಿಗೆ ಪರಿಹಾರ ಕೊಡಿಸುತ್ತದೆ. ಅದು ಕಟ್ಟಡ ಕಟ್ಟಿ ಮಾರುವ ಉದ್ಯಮಿಗಳಿಗೆ, ನಮ್ಮಂಥ ಹಳೆಯ ಮನೆಯವರಿಗಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೨೦೨೬ರ ಜನವರಿಯಿಂದ ಒಂದು ಕಾನೂನು ಬಂದಿದೆ: ಮಾರಾಟದ ಮನೆಯ ಚಿತ್ರವನ್ನು ಕಂಪ್ಯೂಟರಿನಿಂದ ಬದಲಿಸಿದ್ದರೆ ಹಾಗೆಂದು ತಿಳಿಸಿ, ಮೂಲ ಚಿತ್ರವನ್ನೂ ನೋಡಲು ಅವಕಾಶ ಕೊಡಬೇಕು. ಅಲ್ಲಿಯೂ ಸ್ವತ್ತಿನ ಸ್ವರೂಪವನ್ನು ಬದಲಿಸದಂತೆ ಬೆಳಕು ಬಣ್ಣಗಳನ್ನು ಹೊಂದಿಸುವುದಕ್ಕೆ ವಿನಾಯಿತಿ ಇದೆ. ಕಾನೂನು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮನಸ್ಸಾಕ್ಷಿ ಕೆಲಸಕ್ಕೆ ಬರಬೇಕು. ಬರುವುದು ಬಿಡುವುದು ಅದರ ಇಷ್ಟ.

ಫ್ಲ್ಯಾಷಿನ ಚರಿತ್ರೆಯನ್ನು ನೋಡಿದರೆ ಇನ್ನೊಂದು ವಿಚಿತ್ರ ತಿಳಿಯುತ್ತದೆ. ಕತ್ತಲೆ ಕೋಣೆಗಳೊಳಕ್ಕೆ ಈ ಬೆಳಕು ಮೊದಮೊದಲು ಹೋದದ್ದು ಅವುಗಳನ್ನು ಮಾರುವುದಕ್ಕಲ್ಲ, ಅವುಗಳ ಮೇಲೆ ದೂರು ಕೊಡುವುದಕ್ಕೆ. ಜೇಕಬ್ ರೀಸ್ ಎಂಬಾತ ಡೆನ್ಮಾರ್ಕಿನಿಂದ ೧೮೭೦ರಲ್ಲಿ ಅಮೆರಿಕಕ್ಕೆ ಹೋಗಿ, ಕಷ್ಟದ ದಿನಗಳನ್ನು ಕಂಡು, ನ್ಯೂಯಾರ್ಕಿನಲ್ಲಿ ಪೊಲೀಸ್ ವರದಿಗಾರನಾದ. ಬಡವರ ಬಾಡಿಗೆ ಮನೆಗಳಲ್ಲಿ ಕಿಟಕಿಯೇ ಇಲ್ಲದ ಒಳಕೋಣೆಗಳಿದ್ದವು. ಅವುಗಳ ಸ್ಥಿತಿಯನ್ನು ಎಷ್ಟು ಬರೆದರೂ ಓದುವವರ ಮನಸ್ಸಿಗೆ ನಾಟಲಿಲ್ಲ. ೧೮೮೭ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಮ್ ಬೆರೆಸಿದ ಮಿಂಚುಪುಡಿಯನ್ನು ಕಂಡುಹಿಡಿದ ಸುದ್ದಿಯನ್ನು ಅವನು ಪತ್ರಿಕೆಯಲ್ಲಿ ಓದಿದ. ಮೊದಲು ಪಿಸ್ತೂಲಿನಂಥ ಸಾಧನದಿಂದ ಆ ಪುಡಿಯನ್ನು ಸಿಡಿಸುತ್ತಿದ್ದರು. ನಡುರಾತ್ರಿ ಪಿಸ್ತೂಲು ಹಿಡಿದು ಬಂದವರನ್ನು ಕಂಡು ಜನ ದಿಕ್ಕಾಪಾಲಾಗುತ್ತಿದ್ದರಂತೆ. ಆಮೇಲೆ ಬಾಣಲೆಯ ಮೇಲೆ ಪುಡಿಯಿಟ್ಟು ಹೊತ್ತಿಸತೊಡಗಿದ. ಒಮ್ಮೆ ಮೇಲಟ್ಟದ ಕೋಣೆಯೊಂದರಲ್ಲಿ ಐವರು ಕುರುಡರ ಚಿತ್ರ ತೆಗೆಯುವಾಗ ಗೋಡೆಯ ಕಾಗದ ಚಿಂದಿಗಳಿಗೆ ಬೆಂಕಿ ಹತ್ತಿಕೊಂಡಿತು. ಅಪಾಯ ಆ ಐವರಿಗೆ ಕಾಣದು. ಇವನೊಬ್ಬನೇ ಹೇಗೋ ಅದನ್ನು ಆರಿಸಿದ. ಆಮೇಲೆ ಪರಿಚಯದ ಪೊಲೀಸಿನವನು ನಗುತ್ತ, ಆ ಮನೆಗೆ ಎಷ್ಟು ಸಲ ಬೆಂಕಿ ಬಿದ್ದರೂ ಗೋಡೆಯ ಕೊಳೆಯ ದಪ್ಪಕ್ಕೆ ಅದು ಉರಿಯುವುದೇ ಇಲ್ಲವೆಂದನಂತೆ. ೧೮೯೦ರಲ್ಲಿ ರೀಸನ ಪುಸ್ತಕ ಹೊರಬಂತು. ೧೯೦೧ರಲ್ಲಿ ನ್ಯೂಯಾರ್ಕಿನಲ್ಲಿ ಬಂದ ವಸತಿ ಕಾನೂನು, ಹೊಸದಾಗಿ ಕಟ್ಟುವ ಇಂಥ ಮನೆಗಳ ಪ್ರತಿಯೊಂದು ಕೋಣೆಗೂ ಹೊರಗಿನ ಗಾಳಿಬೆಳಕಿಗೆ ತೆರೆಯುವ ಕಿಟಕಿ ಇರಬೇಕೆಂದು ವಿಧಿಸಿತು. ಅದರ ಹಿಂದೆ ಅನೇಕರ ದುಡಿಮೆ ಇತ್ತು. ರೀಸನ ಚಿತ್ರಗಳೂ ಇದ್ದವು.

ರೀಸನನ್ನು ಸಂತನನ್ನಾಗಿ ಮಾಡಬೇಕಿಲ್ಲ. ಮಲಗಿದ್ದವರ ಕೋಣೆಗೆ ಹೇಳದೆ ಕೇಳದೆ ನುಗ್ಗಿದ್ದಾನೆ. ಬೇರೆ ಬೇರೆ ನಾಡುಗಳಿಂದ ಬಂದ ಬಡವರನ್ನು ಕುರಿತು ಹಗುರವಾಗಿ ಬರೆದಿದ್ದಾನೆ. ನಿಜವನ್ನು ತೋರಿಸುವ ಬೆಳಕಿಗೂ ಒಂದು ಒರಟುತನವುಂಟು. ಆದರೆ ನನ್ನ ಪ್ರಶ್ನೆಗೆ ಅವನಿಂದ ಒಂದು ಸಹಾಯವಾಯಿತು. ಅವನ ಕೋಣೆಗಳಲ್ಲಿಯೂ ಆ ಬೆಳಕು ಇರಲಿಲ್ಲ. ಅವನೂ ಇಲ್ಲದ ಬೆಳಕನ್ನು ತಂದೇ ಚಿತ್ರ ತೆಗೆದ. ಆದರೂ ಅವನ ಚಿತ್ರವನ್ನು ನೋಡಿ, ಈ ಕೋಣೆ ಎಷ್ಟು ಬೆಳಕಾಗಿದೆ ಎಂದು ಯಾರೂ ಮೋಸಹೋಗಲಿಲ್ಲ. ಹಾಗಾದರೆ ಕೃತಕವಾದ ಬೆಳಕೆಲ್ಲ ಸುಳ್ಳೆಂದು ಹೇಳುವ ಹಾಗಿಲ್ಲ. ನೋಡುವವನು ಆ ಚಿತ್ರದಿಂದ ಏನನ್ನು ತಿಳಿದುಕೊಂಡು ಹೋಗುತ್ತಾನೆ, ತಿಳಿದುಕೊಂಡದ್ದು ಅಲ್ಲಿ ಇದೆಯೆ, ಎಂಬುದನ್ನು ಕೇಳಬೇಕು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ನೆಂಟರು ಬರುವಾಗ ಮನೆ ಗುಡಿಸುವುದಿಲ್ಲವೆ? ಮಾರುವ ಮುಂಚೆ ಸುಣ್ಣ ಬಣ್ಣ ಬಳಿಸುವುದಿಲ್ಲವೆ? ಅದೂ ಮೋಸವಾಗಬೇಡವೆ? ಈ ಆಕ್ಷೇಪವನ್ನು ನಾನು ಬಹಳ ದಿನ ತಿರುವಿ ತಿರುವಿ ನೋಡಿದೆ. ಕೊನೆಗೆ ನನಗೆ ತೋರಿದ ಅಳತೆಗೋಲು ಸರಳವಾದದ್ದು: ತೋರಿಸಿದ ವಸ್ತು ಮರುದಿನ ಬೆಳಿಗ್ಗೆ ಕೊಂಡವನ ಪಾಲಿಗೆ ಉಳಿಯುತ್ತದೆಯೆ? ಗುಡಿಸಿದ ನೆಲ ಗುಡಿಸಿದ ನೆಲವಾಗಿಯೇ ಅವನ ಕೈಸೇರುತ್ತದೆ. ಬಳಿದ ಸುಣ್ಣ ಗೋಡೆಯ ಮೇಲಿರುತ್ತದೆ. ಒಂದು ಹೊಸ ಬಲ್ಬು ಹಾಕಿಸಿದರೆ ಅದೂ ಇರುತ್ತದೆ. ಹಜಾರದಲ್ಲಿ ಫ್ಲ್ಯಾಷ್ ತೋರಿಸಿದ್ದು ಅಲ್ಲಿ ನಿಂತವನಿಗೆ ದಿನವೂ ಕಾಣುವ ಬೆಳಕನ್ನೇ. ಆದ್ದರಿಂದ ಅದೂ ಉಳಿಯುತ್ತದೆ. ಹಿಂದಿನ ಕೋಣೆಯ ಸೂರ್ಯೋದಯವನ್ನು ಮಾತ್ರ ಆ ಹುಡುಗ ತನ್ನ ಚೀಲದಲ್ಲಿ ಹಾಕಿಕೊಂಡು ಹೋದ. ಅದು ಕ್ರಯಪತ್ರದ ಯಾವ ಷೆಡ್ಯೂಲಿನಲ್ಲಿಯೂ ಇಲ್ಲ. ಅದು ಪೈಥಿಯಸನ ದೋಣಿಗಳ ಜಾತಿಗೆ ಸೇರಿದ್ದು.

ಬಂದು ನೋಡಿದರೆ ತಿಳಿಯುತ್ತದಲ್ಲ ಎಂಬ ಮಾತಿಗೂ ಉತ್ತರವಿದೆ. ಬರುವವರಿಗೆ ಒಂದು ದಿನದ ರಜೆ ಹೋಗುತ್ತದೆ; ಬಸ್ಸಿನ ಖರ್ಚಾಗುತ್ತದೆ. ಬಾಡಿಗೆಯ ಮನೆಯಾದರೆ ಚಿತ್ರವನ್ನೇ ನಂಬಿ ಮುಂಗಡ ಕಳಿಸುವವರೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರವನ್ನು ಮೆಚ್ಚಿ ಬಂದವನು ಅರ್ಧ ಕೊಂಡೇ ಬಂದಿರುತ್ತಾನೆ. ದಲ್ಲಾಳಿ ದೀಪ ಹಾಕಿ ಬಾಗಿಲು ತೆಗೆಯುತ್ತಾನೆ. ಚಿತ್ರದಲ್ಲಿ ಕಂಡ ಬಿಸಿಲನ್ನು ಅವನು ತಾನೇ ಕೋಣೆಯಲ್ಲಿ ಕಲ್ಪಿಸಿಕೊಳ್ಳುತ್ತಾನೆ; ಈ ದಿನ ಮೋಡವಿರಬೇಕು ಎಂದುಕೊಳ್ಳುತ್ತಾನೆ. ಕ್ಯಾನಿಯಸ್ ಬೆಸ್ತರಿಗೆ ಹಬ್ಬವಿರಬೇಕೆಂದುಕೊಂಡನಲ್ಲ, ಹಾಗೆ.

ಇಷ್ಟೆಲ್ಲ ತರ್ಕ ಮಾಡಿದೆನೆಂದು ನಾನು ತರ್ಕದಿಂದಲೇ ನಿರ್ಧಾರಕ್ಕೆ ಬಂದೆನೆಂದು ಓದುಗರು ತಿಳಿಯಬಾರದು. ನಮ್ಮ ತಾಯಿ ತಮ್ಮ ಕೊನೆಯ ನಾಲ್ಕು ವರ್ಷಗಳನ್ನು ಆ ಹಿಂದಿನ ಕೋಣೆಯಲ್ಲಿ ಕಳೆದರು. ಬಚ್ಚಲು ಹತ್ತಿರವಿದೆ, ಸದ್ದುಗದ್ದಲವಿಲ್ಲ ಎಂದು ನಾವೇ ಅಲ್ಲಿ ಮಂಚ ಹಾಕಿಸಿದ್ದೆವು. ಕಾಫಿ ತೆಗೆದುಕೊಂಡು ಹೋದಾಗಲೆಲ್ಲ, "ಬೆಳಗಾಯಿತೇನಪ್ಪಾ?" ಎಂದು ಕೇಳುತ್ತಿದ್ದರು. ವಯಸ್ಸಾಯಿತು, ಹೊತ್ತು ತಿಳಿಯುವುದಿಲ್ಲ ಎಂದುಕೊಳ್ಳುತ್ತಿದ್ದೆ. ಫೋನಿನಲ್ಲಿ ಆ ಚಿತ್ರವನ್ನು ನೋಡಿದಾಗ, ಹೊತ್ತು ತಿಳಿಯಲು ಅವರಿಗೆ ನಾವು ಏನನ್ನು ಕೊಟ್ಟಿದ್ದೆವು ಎಂಬ ಯೋಚನೆ ಮೊದಲ ಬಾರಿಗೆ ಬಂತು. ಮೂಲೆಯಲ್ಲಿ ಒಂದು ಮಂಕು ಬಲ್ಬು, ಅಷ್ಟೆ. ಸೂರಿಗೆ ತಿರುಗಿಸಿದ ಒಂದು ಒಳ್ಳೆಯ ದೀಪ ಹಾಕಿಸಿದ್ದರೆ ಆ ಕೋಣೆ ಎಷ್ಟು ಬೆಳಕಾಗಬಹುದಿತ್ತೆಂಬುದನ್ನು, ಆ ಮನೆಗೆ ಮೊದಲ ಬಾರಿ ಕಾಲಿಟ್ಟ ಒಬ್ಬ ಹುಡುಗ ಕ್ಷಣಾರ್ಧದಲ್ಲಿ ತೋರಿಸಿಬಿಟ್ಟಿದ್ದ. ಮಾರುವುದಕ್ಕೆಂದು ತಂದ ಬೆಳಕನ್ನು ಇರುವುದಕ್ಕೆಂದು ನಾನು ತಂದಿರಲಿಲ್ಲ. ಕೊಳ್ಳುವವರಿಗೆ ಹೇಳಹೊರಟ ಸುಳ್ಳು ನನಗೆ ಒಂದು ನಿಜವನ್ನು ಹೇಳಿತ್ತು.

ಮರುದಿನ ಹುಡುಗನಿಗೆ ಹೇಳಿ, ಆ ಕೋಣೆಯನ್ನು ನಡುಮಧ್ಯಾಹ್ನ ಕಿಟಕಿ ತೆರೆದು ಫ್ಲ್ಯಾಷ್ ಇಲ್ಲದೆ ಇನ್ನೊಮ್ಮೆ ತೆಗೆಸಿದೆ. ಅವನು ಬೇಸರಪಡಲಿಲ್ಲ. "ಎರಡೂ ಹಾಕಿ ಸಾರ್, ಒಂದು ಕೋಣೆಯ ಅಳತೆ ತೋರಿಸೋಕೆ, ಒಂದು ಬೆಳಕು ತೋರಿಸೋಕೆ," ಎಂದು ಅವನೇ ದಾರಿ ಹೇಳಿದ. ಅವನ ಮೇಲೆ ನಾನು ಹೊರಿಸಲಿದ್ದ ಅಪರಾಧ ಅವನದಾಗಿರಲಿಲ್ಲ. ಕೇಳಿದವರಿಗೆ ಕೇಳಿದ್ದನ್ನು ಮಾಡಿಕೊಟ್ಟಿದ್ದ. ಎರಡು ಚಿತ್ರಗಳೂ ಹೋದವು; ಕೆಳಗೆ, ಈ ಕೋಣೆಗೆ ಹಗಲಿನಲ್ಲಿಯೂ ದೀಪ ಬೇಕು, ಎಂಬ ಒಂದು ಸಾಲನ್ನು ಸೇರಿಸಿದೆ. ದಲ್ಲಾಳಿಯವರು ಎರಡು ದಿನ ನನ್ನ ಫೋನು ಎತ್ತಲಿಲ್ಲ. "ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಳ್ಳುವುದೆ ಅಣ್ಣ?" ಎಂದು ತಮ್ಮ ನೊಂದುಕೊಂಡ. ಅವನ ಪಾಲಿನ ಹಣವೂ ಅದರಲ್ಲಿತ್ತಲ್ಲ; ಇನ್ನೊಬ್ಬರ ಖರ್ಚಿನಲ್ಲಿ ಧರ್ಮವಂತನಾಗುವುದು ಎಷ್ಟು ಸುಲಭವೆಂದು ಆಗ ನನಗೂ ಅನ್ನಿಸಿತು.

ಮನೆ ಮಾರಾಟವಾಯಿತು. ಆ ಒಂದು ಸಾಲಿನ ಮೇಲೆ ಬೆರಳಿಟ್ಟು ಕೊಂಡವರು ಬೆಲೆಯನ್ನು ಸ್ವಲ್ಪ ಇಳಿಸಿದರು. ಇಳಿದಷ್ಟನ್ನು ನನ್ನ ಪಾಲಿನಿಂದ ಕಳೆಯಬೇಕೆಂದು ತಮ್ಮನಿಗೆ ಹೇಳಿದೆ. ಅವನು ಒಪ್ಪಲಿಲ್ಲ, ಆದರೆ ಈಗಲೂ ಹಬ್ಬಕ್ಕೆ ಸೇರಿದಾಗ ಆ ಮಾತೆತ್ತದೆ ಇರುವುದಿಲ್ಲ. ನಾನು ಮಾಡಿದ್ದು ಸರಿಯೆಂದು ಅವನನ್ನು ಒಪ್ಪಿಸಲು ನನ್ನಿಂದ ಆಗಿಲ್ಲ. ಕೊಂಡವರ ಮನೆಯಲ್ಲಿಯೂ ಒಬ್ಬರು ವೃದ್ಧೆ ಇದ್ದಾರೆ. ಬೀಗದ ಕೈ ಕೊಡುವಾಗ, ಹಿಂದಿನ ಕೋಣೆಯಲ್ಲಿ ಯಾರನ್ನಾದರೂ ಮಲಗಿಸುವುದಾದರೆ ಸೂರಿಗೆ ಒಂದು ಒಳ್ಳೆಯ ದೀಪ ಹಾಕಿಸಿ ಎಂದು ಅವರ ಮಗನಿಗೆ ಹೇಳಿ ಬಂದೆ. ಹಾಕಿಸಿದರೋ ಇಲ್ಲವೋ, ಹೋಗಿ ನೋಡಲಿಲ್ಲ.